ಮೊದಲೇ ಗೊತ್ತಿದ್ದ ಪಂದ್ಯ

ನನ್ನ ದಿನಚರಿಯ ಆ ಭಾನುವಾರದ ಪುಟದಲ್ಲಿ ನಾಲ್ಕೈದು ಸಾಲುಗಳಷ್ಟೇ ಇವೆ. “ಟಿಕೋಟಾ. ಮಾವನ ಮನೆಯಲ್ಲಿ ಮಧ್ಯಾಹ್ನದ ಟೆನಿಸ್. ನಾನು ಹೇಳಿದವನೇ ಗೆದ್ದ, ಅದೂ ಐದನೆಯ ಸೆಟ್‌ನಲ್ಲಿ. ಮಾವನಿಗೆ ಬಹಳ ಆಶ್ಚರ್ಯ. ಅತ್ತೆ ಹಸಿ ಕಡಲೆಯ ಪಲ್ಯ ಮಾಡಿದ್ದರು.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಕಡಲೆಯ ಪಲ್ಯವೂ ನಿಜ. ಕಾಲೇಜಿಗೆ ಸೇರಿದ ವರ್ಷದಿಂದ ನಾನು ದಿನಚರಿ ಬರೆಯುತ್ತಿರುವುದು ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲದ್ದರಿಂದ. ಅವ್ವನೂ ನಾನೂ ಒಂದೇ ಮದುವೆಗೆ ಹೋಗಿ ಬಂದು ಎರಡು ಬೇರೆ ಮದುವೆಗಳನ್ನು ವರ್ಣಿಸುತ್ತೇವೆ. ಬರೆದಿಟ್ಟದ್ದನ್ನು ಮಾತ್ರ ನಂಬಬೇಕು ಎಂದುಕೊಂಡು ಬಂದವಳು ನಾನು. ಆ ಒಂದು ಭಾನುವಾರದ ಮಟ್ಟಿಗೆ ಮಾತ್ರ ಬರೆದಿಟ್ಟದ್ದು ನನ್ನನ್ನು ಕಾಪಾಡುತ್ತದೆ, ನೆನಪು ಹಿಡಿದುಕೊಡುತ್ತದೆ.

ಮಾವ ಎಂದರೆ ಅವ್ವನ ಅಣ್ಣ. ಟಿಕೋಟಾದಲ್ಲಿ ಅವರಿಗೆ ದ್ರಾಕ್ಷಿ ತೋಟವಿದೆ, ಪಕ್ಕದಲ್ಲಿ ಒಂದಿಷ್ಟು ಜೋಳದ ಹೊಲವಿದೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಜನ ಅವರನ್ನು ಗುರುತಿಸುವುದು ದ್ರಾಕ್ಷಿಯಿಂದಲ್ಲ, ಕಣ್ಣಿನಿಂದ. ಎತ್ತು ಕೊಳ್ಳುವವರು ಅವರನ್ನು ಕರೆದುಕೊಂಡು ಹೋಗುತ್ತಾರೆ. ಬೇರೆಯವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಬಾಲ ಎತ್ತಿ ನೋಡುತ್ತಾರೆ. ಮಾವ ಇಪ್ಪತ್ತು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕುಳಿತು, “ನಡಸ್ರಿ,” ಎನ್ನುತ್ತಾರೆ. ಎತ್ತು ಹೋಗಿ ತಿರುಗಿ ಬರುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ. ಅದಕ್ಕೆ ಅವರು ತೆಗೆದುಕೊಳ್ಳುವುದು ಒಂದು ಕಪ್ ಚಹಾ, ಒಂದಿಷ್ಟು ಎಲೆ ಅಡಿಕೆ.

ಸಣ್ಣವಳಿದ್ದಾಗ ಒಮ್ಮೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಖಂಡಕಿಯ ಕರಿಗೆ ಹೋಗಿದ್ದರು. ಕಾರಹುಣ್ಣಿಮೆಯ ನಂತರ ಅಲ್ಲಿ ಎತ್ತುಗಳನ್ನು ಓಡಿಸುತ್ತಾರೆ. ಬಿಳಿಯದು ಮೊದಲು ಬಂದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂಪಿನದು ಬಂದರೆ ಕೆಂಪು ಕಾಳು ಎಂದು ಜನ ನಂಬುತ್ತಾರೆ. ಸುತ್ತ ನಿಂತವರೆಲ್ಲ ಬಣ್ಣದ ಬಗ್ಗೆ ವಾದಿಸುತ್ತಿದ್ದಾಗ ಮಾವ ನನಗೆ ಮಾತ್ರ ಕೇಳುವಂತೆ ಹೇಳಿದ್ದರು: “ಬಣ್ಣ ಓಡಂಗಿಲ್ಲವಾ. ಕಾಲ ಓಡತಾವ.” ಇದು ಅವರು ಹೇಳಿದ ಮಾತೋ, ಅವರ ಸ್ವಭಾವ ನೋಡಿ ನಾನೇ ಆಮೇಲೆ ಕಟ್ಟಿದ ಮಾತೋ ಗೊತ್ತಿಲ್ಲ. ಹೆಗಲ ಮೇಲೆ ಕುಳಿತದ್ದು ನಿಜ. ಅವರ ರುಮಾಲಿನ ಬೆವರಿನ ವಾಸನೆ ನೆನಪಿದೆ.

ಇಂಥ ಮನುಷ್ಯನಿಗೆ ಟೆನಿಸ್ ಹಿಡಿದದ್ದು ಬಂಡಿಯಿಂದ ಬಿದ್ದು ಒಂದು ತಿಂಗಳು ಮಂಚ ಹಿಡಿದಾಗ. ಟಿವಿಯಲ್ಲಿ ಧಾರಾವಾಹಿ ಹಾಕಿದರೆ ಹೆಂಗಸರು ಅಳುತ್ತಾರೆ, ಸುದ್ದಿ ಹಾಕಿದರೆ ಗಂಡಸರು ಜಗಳಾಡುತ್ತಾರೆ. ಚಾನೆಲ್ ತಿರುವುತ್ತ ತಿರುವುತ್ತ ಒಂದು ಕಡೆ ಇಬ್ಬರು ಸುಮ್ಮನೆ ಓಡಾಡುತ್ತಿರುವುದು ಕಂಡಿತಂತೆ. “ಇದು ಭೇಷ್ ಐತಿ. ಯಾರೂ ಒದರಾಡಂಗಿಲ್ಲ,” ಎಂದು ಅಲ್ಲೇ ನಿಂತರು. ಇಂಗ್ಲಿಷ್ ಮಾತು ಬೇಡವೆಂದು ಆವಾಜು ಬಂದ್ ಮಾಡಿದರು. ಎಣಿಕೆಯನ್ನು ನಾನು ಹೇಳಿಕೊಟ್ಟೆ. ಹದಿನೈದು, ಮೂವತ್ತು, ನಲವತ್ತು ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಡುವ ಐದು ಯಾರ ತಿಂದ್ರು?”

ಅವರ ಮನೆಯಲ್ಲಿ ಟೆನಿಸ್ ನೋಡುವುದಕ್ಕೆ ಒಂದು ಕಟ್ಟಳೆಯಿತ್ತು. ಪಂದ್ಯ ನಡೆಯುವ ಹೊತ್ತಿಗೆ ಮಾವ ತೋಟದಲ್ಲಿರುತ್ತಿದ್ದರು. ಅದೇ ಪಂದ್ಯವನ್ನು ಚಾನೆಲ್‌ನವರು ಮಧ್ಯಾಹ್ನವೋ ಸಂಜೆಯೋ ಮತ್ತೆ ಹಾಕುತ್ತಿದ್ದರು, ಅದನ್ನೇ ನೋಡುವುದು. ಬೇರೆಲ್ಲೋ ಆಗಲೇ ಗೆದ್ದು ಸೋತು ಆಗಿದೆ ಎಂಬುದು ಅವರಿಗೆ ಗೊತ್ತಿತ್ತು. “ಆಗಿದ್ರ ಆಗಲಿ. ನಾವು ನೋಡಿದಾಗ ನಮಗ ಆಟ,” ಎನ್ನುತ್ತಿದ್ದರು. ಆದ್ದರಿಂದ ಯಾರೂ ಫಲಿತಾಂಶ ನೋಡಿಕೊಂಡು ಬರಕೂಡದು. ಟಿವಿ ಹಚ್ಚುವ ಮೊದಲು ಎಲ್ಲರ ಫೋನುಗಳೂ ಅತ್ತೆಯ ರೊಟ್ಟಿ ಬುಟ್ಟಿಯೊಳಗೆ ಹೋಗಿ, ಮೇಲೆ ಮುಚ್ಚಳ ಬೀಳಬೇಕು. ಆಟಗಾರರು ಮೈ ಸಡಿಲಿಸಿಕೊಳ್ಳುತ್ತಿರುವಾಗಲೇ ಯಾರು ಗೆಲ್ಲುತ್ತಾರೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಮೊದಲು ಅತ್ತೆ, ಆಮೇಲೆ ಪಕ್ಕದ ಮನೆಯ ದರ್ಜಿ ಚಾಚಾ, ಆಮೇಲೆ ನಾನು, ಕೊನೆಗೆ ಮಾವ. ಹೇಳಿದ ಮೇಲೆ ಬದಲಿಸುವಂತಿಲ್ಲ. ಪಣ ಏನೂ ಇರಲಿಲ್ಲ. ಸೋತವರನ್ನು ಮುಂದಿನ ಭಾನುವಾರದವರೆಗೆ ಚುಡಾಯಿಸುವುದೇ ಪಣ.

ಅತ್ತೆ ಮುಖ ನೋಡಿ ಹೇಳುತ್ತಿದ್ದರು. “ಯಾರ ಮಾರಿ ನೋಡಿದ್ರ ಅವ್ವ ಉಣಿಸಿ ಕಳಸ್ಯಾಳ ಅನಸತೈತಿ, ಅಂವ ನಮ್ಮಾಂವ.” ಚಾಚಾ ಅಂಗಿ ನೋಡಿ ಹೇಳುತ್ತಿದ್ದರು. ತೋಳಿನ ಹೊಲಿಗೆ ಸರಿಯಿಲ್ಲದವನು ಕೈ ಎತ್ತುವುದು ಹೇಗೆ ಎಂಬುದು ಅವರ ತರ್ಕ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ವಿಜಯಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅದನ್ನೇ ಕಲಿಸುವವಳು. ಹಿಂದಿನ ಪಂದ್ಯಗಳ ಅಂಕಿಗಳನ್ನು ಕೋಷ್ಟಕ ಮಾಡಿಕೊಂಡು ಹೋಗುತ್ತಿದ್ದೆ. ಮೊದಲ ಸರ್ವ್ ಎಷ್ಟು ಸಲ ಒಳಗೆ ಬಿತ್ತು, ಇಂಥ ನೆಲದ ಮೇಲೆ ಎಷ್ಟು ಗೆದ್ದ, ಎಲ್ಲ. ಮಾವ ಕಾಲು ನೋಡಿ ಹೇಳುತ್ತಿದ್ದರು.

“ಆಡುವಾಗ ನೋಡಬ್ಯಾಡ. ಆಡುವಾಗ ಎಲ್ಲಾರೂ ಚಲೋ ಕಾಣತಾರ. ಕುರ್ಚಿಗೆ ಹೋಗೂಮುಂದ ನೋಡು. ಯಾರೂ ನೋಡವಲ್ರು ಅಂತ ಅಂವಗ ಅನಿಸಿರತೈತಿ. ಆವಾಗ ಕಾಲು ಖರೇ ಹೇಳತಾವ.”

ಆ ಚಳಿಗಾಲದಲ್ಲಿ ಅವರು ನನ್ನನ್ನು ಸಾಲಾಗಿ ಸೋಲಿಸಿದರು. ಎಷ್ಟು ಸಲ ಎಂದು ದಿನಚರಿಯಲ್ಲಿ ಹುಡುಕಿದೆ. ನಾನು ಸೋತದ್ದನ್ನು ಒಂದು ಸಲವೂ ಬರೆದಿಲ್ಲ. ಚಾಚಾ ಆಡಿದ ಮಾತು ಮಾತ್ರ ಮರೆತಿಲ್ಲ: “ಬೇಟಿ, ನಿನ್ನ ಪದವಿ ಕಾಗದದಾಗ ಒಂದು ಚಡ್ಡಿನೂ ಹೊಲಿಯಾಕ ಬರಂಗಿಲ್ಲಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮರಳುವ ಬಸ್ಸಿನಲ್ಲಿ ಕೋಷ್ಟಕವನ್ನು ಮತ್ತೆ ತೆಗೆದು ನೋಡಿದೆ.

ಇನ್ನು ಆ ಭಾನುವಾರ. ಸಂಕ್ರಮಣ ಮುಗಿದು ಸಿದ್ಧೇಶ್ವರ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಉಳಿದ ಸಕ್ಕರೆ ಕುಸುರೆಳ್ಳನ್ನು ಕಡಿಮೆ ದರಕ್ಕೆ ಕೊಡುತ್ತಿದ್ದರು. ಅತ್ತೆಗೆಂದು ಒಂದು ಪೊಟ್ಟಣ ಕಟ್ಟಿಸಿಕೊಂಡು ಟಿಕೋಟಾದ ಬಸ್ಸು ಹತ್ತಿದೆ. ವರ್ಷದ ಮೊದಲ ದೊಡ್ಡ ಟೂರ್ನಿ ನಡೆಯುತ್ತಿತ್ತು. ಬೆಳಿಗ್ಗೆ ಮುಗಿದಿದ್ದ ಪಂದ್ಯವನ್ನು ಮಧ್ಯಾಹ್ನ ಮತ್ತೆ ಹಾಕುವವರಿದ್ದರು. ಒಬ್ಬ ಎತ್ತರದ ಆಟಗಾರ, ಎಲ್ಲರೂ ಗೆಲ್ಲುತ್ತಾನೆಂದು ಹೇಳುತ್ತಿದ್ದವನು. ಇನ್ನೊಬ್ಬ ಎಡಗೈಯವನು, ಹೆಸರೇ ಕೇಳಿರದವನು. ಊರು ದಾಟುವ ಹೊತ್ತಿಗೆ ನನ್ನ ಫೋನಿನ ಪರದೆಯ ಮೇಲೆ ಫಲಿತಾಂಶವಿತ್ತು: ಎಡಗೈಯವನು ಎರಡು ಸೆಟ್ ಸೋತು, ಆಮೇಲೆ ಮೂರನ್ನೂ ಗೆದ್ದಿದ್ದ.

ಅದು ತಾನಾಗಿ ಪರದೆಯ ಮೇಲೆ ಬಂತು ಎಂದು ಬರೆಯಲು ಹೊರಟಿದ್ದೆ. ಸದ್ಯ ಆ ವಾಕ್ಯ ಹಾಗೇ ಇರಲಿ.

ಮನೆಗೆ ಹೋದ ಕೂಡಲೇ, “ಮಾಮಾ, ನಾ ನೋಡಿಬಿಟ್ಟೆ, ಇವತ್ತ ನನ್ನ ಬಿಡ್ರಿ,” ಎಂದು ಹೇಳಿದ್ದರೆ ಮುಗಿದಿತ್ತು. ಹಿಂದೊಮ್ಮೆ ಚಾಚಾ ಹಾಗೆ ಹೇಳಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಂಗಿಗೆ ಗುಂಡಿ ಹಚ್ಚಿದ್ದರು. ನಾನು ಹೇಳಲಿಲ್ಲ. ಫೋನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಬುಟ್ಟಿಯಲ್ಲಿ ಇಟ್ಟೆ. ಮುಚ್ಚಳವನ್ನೂ ನಾನೇ ಮುಚ್ಚಿದೆ.

ಅತ್ತೆ ಎತ್ತರದವನ ಹೆಸರು ಹೇಳಿದರು. ಚಾಚಾ ಕೂಡ. ನನ್ನ ಸರದಿ ಬಂದಾಗ, “ಎಡಗೈಯಾಂವ ಗೆಲ್ಲತಾನ. ಮೊದಲ ಎರಡು ಸೋಲತಾನ, ಆಮ್ಯಾಲ ಮೂರೂ ತಗೋತಾನ,” ಎಂದೆ. ಗೆಲ್ಲುತ್ತಾನೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಸೆಟ್‌ಗಳನ್ನೂ ಹೇಳಿದ್ದು ಯಾಕೆ ಎಂದು ಈಗಲೂ ಯೋಚಿಸುತ್ತೇನೆ. ಕಳ್ಳ ಕದ್ದ ಮೇಲೆ ಪೆಟ್ಟಿಗೆಗೆ ಮತ್ತೆ ಬೀಗ ಹಾಕಿ ಹೋದ ಹಾಗೆ.

ಮಾವ ಇಬ್ಬರನ್ನೂ ಬಹಳ ಹೊತ್ತು ನೋಡಿದರು. ಎರಡು ತಿಂಗಳ ಹಿಂದೆ ಅವರಿಗೆ ಎಡಗಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಆ ಕಣ್ಣನ್ನು ಒರೆಸಿಕೊಂಡು ಹೇಳಿದರು: “ಎತ್ತರದಾಂವ. ಅಂವನ ಕಾಲು ನೀರಿನಂಗ ಅದಾವ.”

ಎರಡು ಸೆಟ್ ಮುಗಿಯುವ ತನಕ ನನ್ನನ್ನು ಎಲ್ಲರೂ ಹಿಡಿದು ಹಿಂಡಿದರು. “ಏನಬೇ, ಎಲ್ಲಿ ಹ್ವಾದ ನಿನ್ನ ಎಡಗೈಯಾಂವ, ಕೈ ತೊಳಕೊಳಾಕೇನು?” ಎಂದರು ಅತ್ತೆ. ನಾನು ಮುಖ ಸಪ್ಪೆ ಮಾಡಿಕೊಂಡು ಕುಳಿತೆ. ಸಪ್ಪೆ ಮಾಡಿಕೊಳ್ಳುವುದನ್ನೂ ಅಭಿನಯಿಸಿದೆ ಎಂದು ಬರೆಯುವಾಗ ಕೈ ನಿಲ್ಲುತ್ತದೆ. ಮೂರನೆಯ ಸೆಟ್ ತಿರುಗಿತು. ನಾಲ್ಕನೆಯದೂ ಎಡಗೈಯವನಿಗೇ ಹೋಯಿತು. ಅಂಗಳದ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಐದನೆಯದೂ ಮುಗಿದು ಎಡಗೈಯವನು ಆಕಾಶ ನೋಡುತ್ತ ಮಲಗಿದ. ಚಾಚಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

ಮಾವ ಮಾತ್ರ ನನ್ನ ಕಡೆ ತಿರುಗಿ ಕುಳಿತು ಕೇಳಿದರು: “ನಿನಗ ಏನ್ ಕಂಡಿತು? ಹೇಳು. ನನಗ ಕಾಣಲಿಲ್ಲ.”

ಶಾಲೆಯ ಹುಡುಗನಂತೆ ಕೇಳಿದರು. ಎಪ್ಪತ್ತರ ಹತ್ತಿರದ ಮನುಷ್ಯ. ನಾನು ಕೋಷ್ಟಕದ ಹಾಳೆ ಬಿಚ್ಚಿ, ಎಡಗೈಯವನ ಎರಡನೆಯ ಸರ್ವ್ ಬಗ್ಗೆ, ದೀರ್ಘ ಪಂದ್ಯಗಳಲ್ಲಿ ಅವನ ಸರಾಸರಿ ಬಗ್ಗೆ ಒಂದು ಪಾಠವನ್ನೇ ಮಾಡಿದೆ. ಎಲ್ಲವೂ ಅದೇ ಕ್ಷಣದಲ್ಲಿ ಹುಟ್ಟಿದ್ದು. ಅವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಆಪರೇಷನ್ ಆದ ಕಣ್ಣನ್ನು ಒಂದು ಕೈಯಿಂದ ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡಿದರು. ಆಗ ನನಗೆ ಅದರ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ. ಕಡಲೆಯ ಪಲ್ಯದ ಬಗ್ಗೆ ಬರೆದವಳು ಇದನ್ನು ಬರೆಯದೆ ಬಿಟ್ಟಿದ್ದೇನೆ.

ಮಾರ್ಚ್‌ನಲ್ಲಿ ಅತ್ತೆ ಫೋನ್ ಮಾಡಿದರು. ನಿಡೋಣಿಯ ಒಬ್ಬ ರೈತನ ಜೋಡಿ ಒಡೆದಿತ್ತು. ಎರಡು ಎತ್ತುಗಳಲ್ಲಿ ಒಂದು ಹೋಗಿ, ಉಳಿದದ್ದಕ್ಕೆ ಸರಿಜೋಡಿ ಹುಡುಕುತ್ತಿದ್ದ. ಅವನ ಅಪ್ಪನ ಕಾಲದಿಂದಲೂ ಆ ಮನೆಗೆ ಎತ್ತು ಆರಿಸಿಕೊಟ್ಟವರು ಮಾವನೇ. ಅವನು ಟಿಕೋಟಾದವರೆಗೆ ಬಂದರೂ ಮಾವ ಹೊರಡಲಿಲ್ಲವಂತೆ.

“ನನ್ನ ಕಣ್ಣಾಗ ಏನೂ ಉಳದಿಲ್ಲೋ ತಮ್ಮಾ. ನನ್ನ ಸೊಸಿನ್ನ ಕೇಳು, ಲೆಕ್ಕಾ ಹಾಕಿ ಹೇಳತಾಳ, ಅಂತ ಹೇಳಿ ಕಳಿಸಿಬಿಟ್ರು,” ಎಂದರು ಅತ್ತೆ. ನಮ್ಮಲ್ಲಿ ತಂಗಿಯ ಮಗಳೂ ಸೊಸೆಯೇ. “ಅಂವ ಚೇಷ್ಟಿ ಅಂದ್ಕೊಂಡು ನಕ್ಕ. ಇವರು ನಗಲಿಲ್ಲ. ಮನ್ಯಾಗ ಕುಂತು ಬಿಟ್ಟಾರ ನೋಡವಾ. ದನದ ಸಂತಿಗೂ ಹೋಗವಲ್ರು. ಟಿವಿನೂ ಹಚ್ಚವಲ್ರು. ನೀ ಒಮ್ಮೆ ಬಂದು ಹೇಳು.”

“ಏನ್ ಹೇಳಲಿ ಅತ್ತಿ?”

“ಏನರ ಹೇಳು. ನಿನ್ನ ಮಾತು ಕೇಳತಾರ.”

ಅದೇ ಕಷ್ಟವಾಗಿತ್ತು. ಪರೀಕ್ಷೆ, ಮೌಲ್ಯಮಾಪನ ಎಂದು ನೆಪ ಹೇಳಿಕೊಂಡು ಎರಡು ತಿಂಗಳು ತಳ್ಳಿದೆ. ತರಗತಿಯಲ್ಲಿ ಸಂಭವನೀಯತೆ ಕಲಿಸುವಾಗ ಮಕ್ಕಳಿಗೆ ಹೇಳುತ್ತಿದ್ದೆ: ಆಗಿಹೋದದ್ದಕ್ಕೆ ಊಹೆ ಎನ್ನುವುದಿಲ್ಲ. ಹೇಳಿದ ಮೇಲೆ ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಹೋದೆ. ಮಾವ ಪಡಸಾಲೆಯಲ್ಲಿ ಒಣದ್ರಾಕ್ಷಿ ಆರಿಸುತ್ತ ಕುಳಿತಿದ್ದರು. ಕಡ್ಡಿ ಬೇರೆ, ಕಪ್ಪು ತಿರುಗಿದ್ದು ಬೇರೆ. ಅದು ಹೆಂಗಸರು ಮಾಡುವ ಕೆಲಸ, ಅವರು ಅದನ್ನು ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ. ಪ್ರತಿ ಕಾಳನ್ನೂ ಕಣ್ಣಿನ ಹತ್ತಿರ ತಂದು ನೋಡಿ ಇಡುತ್ತಿದ್ದರು.

ನಾನು ಕುಳಿತು, ಸುತ್ತು ಬಳಸದೆ ಹೇಳಿದೆ: “ಮಾಮಾ, ಜನವರ್ಯಾಗ ಆ ಎಡಗೈಯಾಂವನ ಆಟ ನೋಡಿದ್ವಿ ಅಲ್ಲ, ಅದು ನನಗ ಮೊದಲ ಗೊತ್ತಿತ್ತು. ಬಸ್ಸಿನ್ಯಾಗ ಫೋನಿನ ಮ್ಯಾಲ ನೋಡಿದ್ದೆ. ಸುಳ್ಳ ಹೇಳಿದೆ.”

ಅವರು ಕೈಯಲ್ಲಿದ್ದ ಕಾಳನ್ನು ಎಲ್ಲಿ ಹಾಕಬೇಕೋ ಅಲ್ಲಿ ಹಾಕಿದರು. “ಹೌದೇನು,” ಎಂದರು. ಇನ್ನೊಂದು ಕಾಳು ಎತ್ತಿಕೊಂಡು, “ನಿಮ್ಮತ್ತಿ ಹೇಳಿ ಕಳಸ್ಯಾಳೇನು?” ಎಂದರು.

“ಇಲ್ಲ ಮಾಮಾ.”

“ಆಕಿ ನಿನಗ ಫೋನ್ ಹಚ್ಚಿದ್ದು ನನಗ ಗೊತ್ತೈತಿ. ಮುದುಕನ್ನ ಎಬ್ಬಸ್ರಿ ಅಂದಿರತಾಳ. ನೀ ಪಾಪ, ಏನರ ಹೇಳಬೇಕಲ್ಲ.”

“ಅಲ್ಲ, ಖರೇನ ಹೇಳಾಕತ್ತೇನಿ.”

“ಯವ್ವಾ, ನಿನ್ನ ಕೈಯಾರೆ ನೀ ಫೋನು ಬುಟ್ಟ್ಯಾಗ ಇಟ್ಟಿ. ಮುಚ್ಚಳಾನೂ ನೀನ ಹಾಕಿದಿ. ನಾ ನೋಡೇನಿ.” ಅವರು ನಕ್ಕರು. ದಯೆಯ ನಗೆ, ಅದು ಹೆಚ್ಚು ಚುಚ್ಚಿತು. “ನಿನಗ ಸುಳ್ಳ ಹೇಳಾಕ ಬರಂಗಿಲ್ಲ. ಈಗ ಹೇಳಾಕತ್ತೀದಿ, ನೋಡು, ಮಾರಿ ಹೆಂಗ ಕೆಂಪಗಾಗೇತಿ. ದಿನಾ ಅದೇನೋ ಬರಕೋತಿದಿ ಅಲ್ಲ? ಅವತ್ತ ಏನ್ ಬರದಿದಿ? ಓದು.”

ದಿನಚರಿ ಚೀಲದಲ್ಲಿತ್ತು. ನನ್ನ ಮಾತಿಗೆ ಸಾಕ್ಷಿಯಾಗುತ್ತದೆ ಎಂದು ನಾನೇ ತಂದಿದ್ದೆ. ಬಸ್ಸಿನ ವಿಷಯ ಅಲ್ಲಿ ಬರೆದೇ ಇರುತ್ತೇನೆ ಎಂದು ನಂಬಿಕೊಂಡಿದ್ದೆ, ತೆಗೆದು ನೋಡಿರಲಿಲ್ಲ. ಪುಟ ತೆರೆದೆ. ಆ ನಾಲ್ಕೈದು ಸಾಲುಗಳನ್ನು ಅವರಿಗೆ ಓದಿ ಹೇಳಿದೆ: ನಾನು ಹೇಳಿದವನೇ ಗೆದ್ದ, ಮಾವನಿಗೆ ಬಹಳ ಆಶ್ಚರ್ಯ. ಓದುತ್ತ ಓದುತ್ತ ನನ್ನ ದನಿ ಇಳಿಯಿತು.

“ಹೂಂ. ಅಷ್ಟ ಮತ್ತ,” ಎಂದರು ಮಾವ. ವಿಷಯ ಅಲ್ಲಿಗೆ ಮುಗಿಯಿತು. ಮೊರವನ್ನು ಪಕ್ಕಕ್ಕೆ ಸರಿಸಿ, “ನಿಡೋಣಿಯಾಂವ ಮತ್ತ ಫೋನ್ ಮಾಡಿದ್ದ. ಬಬಲೇಶ್ವರದಾಗ ಒಂದು ಎತ್ತು ನೋಡ್ಯಾನಂತ. ನೀ ಜೋಡಿ ಬರೂದಾದ್ರ ಹೋಗೂಣು. ಒಬ್ಬವ ಒಲ್ಲೆ,” ಎಂದರು.

ಒಳಗಿನಿಂದ ಅತ್ತೆ ನನಗೆ ಕಣ್ಣಲ್ಲೇ ಹೂಂ ಅನ್ನು ಎಂದರು. ಹೊರಗೆ ಹೊರಟರಲ್ಲ, ಅಷ್ಟು ಸಾಕು ಎಂದು ನನಗೂ ಅನಿಸಿತು. ಎತ್ತು ಕಂಡ ಕೂಡಲೇ ಅವರ ಕಣ್ಣು ಅವರಿಗೆ ತಿರುಗಿ ಸಿಕ್ಕುತ್ತದೆ ಎಂದುಕೊಂಡೆ.

ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನಿಡೋಣಿಯ ರೈತ ಟಂಟಂ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ನಲವತ್ತರ ಆಸುಪಾಸಿನವನು. ಮಾವನ ಕಾಲು ಮುಟ್ಟಿ, “ಬಂದ್ರಲ್ಲ ಕಾಕಾ. ನನಗ ಊಟ ಹತ್ತಿದ್ದಿಲ್ಲ ನೋಡ್ರಿ,” ಎಂದ. ಮಾವ ನನ್ನನ್ನು ತೋರಿಸಿ, “ಇಕಿನೂ ಬಂದಾಳ, ಇಕಿ ನೋಡತಾಳ,” ಎಂದರು. ಅವನು ನನ್ನ ಚಪ್ಪಲಿಯಿಂದ ಕನ್ನಡಕದವರೆಗೆ ಒಮ್ಮೆ ನೋಡಿದ.

ಊರ ಹೊರಗಿನ ಒಂದು ತೋಟದ ಮುಂದೆ ಎತ್ತು ಕಟ್ಟಿತ್ತು. ಬೆಳ್ಳಗಿನ ಕಿಲಾರಿ ತಳಿ, ಕೊಂಬು ಎತ್ತರ. ಮಾರುವವನು ಮೈಯನ್ನು ಹೊಳೆಯುವಂತೆ ತೊಳೆದಿದ್ದ. ಮಾವ ಎಂದಿನಂತೆ ದೂರ ಹೋಗಿ ಕುಕ್ಕರಿಸಿದರು. ನನಗೆ ಪಕ್ಕದಲ್ಲಿ ಕೂರಲು ಸನ್ನೆ ಮಾಡಿದರು. “ನಡಸ್ರಿ.”

ಎತ್ತು ಹೋಯಿತು, ತಿರುಗಿ ಬಂತು. ನನಗೆ ಕಂಡದ್ದು ಒಂದು ಚಂದದ ಎತ್ತು, ಅದರ ಕಾಲ ಕೆಳಗೆ ಎದ್ದ ಧೂಳು. ಮಾವ, “ಮತ್ತೊಮ್ಮೆ,” ಎಂದರು. ಎರಡನೆಯ ಸಲ ಅವರ ಕುತ್ತಿಗೆ ಸ್ವಲ್ಪ ಮುಂದೆ ಬಂತು. ಅದು ಅವರಿಗೆ ಏನೋ ಕಂಡಾಗಿನ ಗುರುತು ಎಂದು ನನಗೆ ಟಿವಿಯ ಮುಂದಿನ ಭಾನುವಾರಗಳಿಂದ ಗೊತ್ತಿತ್ತು. ಅವರು ನನ್ನ ಕಿವಿಯ ಹತ್ತಿರ ಕೇಳಿದರು: “ಹಿಂದಿನ ಬಲಗಾಲು ಒಂದು ಬೆರಳು ಕಡಿಮಿ ಬಿದ್ದಂಗ ಆತು. ನಿನಗ ಕಂಡಿತೇನು?”

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ಬರುವಾಗ ಬಸ್ಸಿನಲ್ಲಿ ನಾನು ಒಂದು ಆಣೆ ಹಾಕಿಕೊಂಡಿದ್ದೆ: ಕಾಣದ್ದನ್ನು ಕಂಡೆ ಎಂದು ಇನ್ನು ಮುಂದೆ ಹೇಳುವುದಿಲ್ಲ. ಆದ್ದರಿಂದ ಹೇಳಿದೆ: “ಇಲ್ಲ ಮಾಮಾ. ನನಗೇನೂ ಕಾಣಲಿಲ್ಲ.”

ಅದು ನಿಜ. ಆದರೆ ಹೇಳಬೇಕಾಗಿದ್ದ ನಿಜ ಬೇರೆ ಇತ್ತು. ನನಗೆ ಎತ್ತು ನೋಡಲು ಬರುವುದಿಲ್ಲ, ನನ್ನನ್ನು ಕೇಳಬೇಡಿ ಎನ್ನಬೇಕಿತ್ತು. ಆ ರೈತ, ಮಾರುವವನು, ಟಂಟಂ ಚಾಲಕ ಮೂವರೂ ನನ್ನ ಕಡೆಯೇ ನೋಡುತ್ತಿದ್ದರು. ಕಾಲೇಜಿನಿಂದ ಬಂದವಳು ಏನು ಹೇಳುತ್ತಾಳೆ ಎಂದು ಕಾಯುತ್ತಿದ್ದರು. ನೋಡಲು ಬರುವುದಿಲ್ಲ ಎಂಬ ಮಾತು ಬಾಯಿಯವರೆಗೆ ಬಂತು ಎಂದು ಬರೆದರೆ ಅದೂ ಈಗಿನ ಸೇರ್ಪಡೆಯೇ ಇರಬಹುದು. ಹೊರಗಂತೂ ಬರಲಿಲ್ಲ.

ಮಾವ ಎರಡೂ ಕಣ್ಣು ಒರೆಸಿಕೊಂಡರು. “ಹಂಗಾರ ಏನಿಲ್ಲ. ನನ್ನ ಕಣ್ಣಿಂದು,” ಎಂದು ಎದ್ದರು. ಮೂರನೆಯ ಸಲ ನಡೆಸಲು ಹೇಳಲಿಲ್ಲ. ರೈತನ ಹತ್ತಿರ ಹೋಗಿ, “ಚಲೋ ಐತೋ ತಮ್ಮಾ. ಹೊಡಕೊಂಡು ಹೋಗು,” ಎಂದರು. ಅವನು ಎತ್ತಿನ ಹಣೆಗೆ ಭಂಡಾರದ ಅರಿಸಿನ ಹಚ್ಚಿದ. ನಮಗೆ ಚಹಾ ಬಂತು. ಮಾವ ಬಸಿ ತಟ್ಟೆಗೆ ಸುರಿದುಕೊಂಡು ಅರ್ಧ ಕುಡಿದು ಕೆಳಗಿಟ್ಟರು.

ಮಳೆ ಬಿದ್ದು ಬಿತ್ತನೆ ಶುರುವಾದ ಮೇಲೆ ಎತ್ತು ಕುಂಟಿತು. ಒಣ ನೆಲದಲ್ಲಿ ಮುಚ್ಚಿಹೋಗಿದ್ದ ಊನ ಎರೆಮಣ್ಣಿನ ಹಸಿಯಲ್ಲಿ ಹೊರಗೆ ಬಂತು. ಹಿಂದಿನ ಬಲಗಾಲು. ನಿಡೋಣಿಯವನು ಬೇರೆಯವರ ಟ್ರ್ಯಾಕ್ಟರ್ ಹಚ್ಚಿ ಬಿತ್ತಿದ. ಮಾವನಿಗೆ ಫೋನ್ ಮಾಡಿ, “ಕಾಕಾ, ನಿಮ್ಮ ಮ್ಯಾಲ ಏನಿಲ್ರಿ. ಔಷಧ ಯಾವುದು ಹಚ್ಚಲಿ, ಅಷ್ಟ ಹೇಳ್ರಿ,” ಎಂದಷ್ಟೇ ಕೇಳಿದನಂತೆ. ಮಾವ ಅದೇ ದಿನ ಒಬ್ಬರೇ ಎರಡು ಬಸ್ಸು ಬದಲಿಸಿ ನಿಡೋಣಿಗೆ ಹೋದರು. ಎತ್ತಿನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತು, ಪಟ್ಟಿ ಕಟ್ಟಿ, ಸಂಜೆಗೆ ಮರಳಿದರು. ಇದನ್ನೆಲ್ಲ ನನಗೆ ಹೇಳಿದವರು ಅತ್ತೆ.

ನಾನು ಹೋದದ್ದು ಜುಲೈನಲ್ಲಿ, ಒಂದು ಭಾನುವಾರ. ಹುಲ್ಲಿನ ಮೇಲೆ ಆಡುವ ಟೂರ್ನಿಯ ದಿನಗಳು. ಮಾವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಮುಖದಲ್ಲಿ ಮೊದಲಿನ ಗೆಲವು ಇತ್ತು. ಹಿಂದಿನ ವಾರ ದನದ ಸಂತೆಗೂ ಹೋಗಿ ಬಂದಿದ್ದರಂತೆ. ನಾನು ಚಪ್ಪಲಿ ಬಿಡುತ್ತಿರುವಾಗಲೇ ಹೇಳಿದರು: “ಒಂದು ಬೆರಳು ಕಡಿಮಿ ಅಂದಿದ್ದೆ. ಒಂದ ಬೆರಳ ಇತ್ತು.”

“ಹೌದು ಮಾಮಾ.”

“ನನ್ನ ಕಣ್ಣು ಸರಿ ಇತ್ತು.”

“ಸರಿ ಇತ್ತು.”

“ಅಂದಮ್ಯಾಲ ನೀ ಮೇ ತಿಂಗಳಾಗ ಹೇಳಿದ್ದು ಖರೇ. ಬಸ್ಸಿನ್ಯಾಗ ನೋಡಿದ್ದು.”

ನಾನು ಹೂಂ ಎಂದೆ.

“ಹೇಳಿದ್ದಿ. ನಾನ ನಂಬಲಿಲ್ಲ. ಅದರಾಗ ನಿನ್ನ ತಪ್ಪಿಲ್ಲ.” ಆಮೇಲೆ ಕೇಳಿದರು: “ಅದು ತಾನ ಬಂದಿತ್ತೋ, ನೀ ತಗದು ನೋಡಿದ್ದ್ಯೋ?”

“ತಾನ ಬಂತು ಮಾಮಾ,” ಎಂದು ಹೊಸ್ತಿಲು ದಾಟಿ ಒಳಗೆ ನಡೆದೆ.

ಪಡಸಾಲೆಯ ಮಧ್ಯದಲ್ಲಿ ತಿರುಗಿ ನೋಡಿದೆ. ಅವರು ಕುಳಿತಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಮುಖವನ್ನಲ್ಲ. ನಾನು ನಡೆದು ಹೋದ ನೆಲವನ್ನು, ನನ್ನ ಪಾದಗಳನ್ನು. ಕುತ್ತಿಗೆ ಸ್ವಲ್ಪ ಮುಂದೆ ಬಂದಿತ್ತು.

ಮೇಲೆ ಇರಲಿ ಎಂದು ಬಿಟ್ಟಿದ್ದ ವಾಕ್ಯವನ್ನು ಈಗ ತಿದ್ದುತ್ತೇನೆ. ಅದು ತಾನಾಗಿ ಬರಲಿಲ್ಲ. ಬಸ್ಸು ಊರು ದಾಟುವ ಮೊದಲೇ ಫೋನು ತೆಗೆದು, ಇಬ್ಬರ ಹೆಸರನ್ನೂ ಬರೆದು, ಫಲಿತಾಂಶವನ್ನು ಹುಡುಕಿ ನೋಡಿದೆ. ಒಮ್ಮೆ ನೆಟ್‌ವರ್ಕ್ ಸಿಗಲಿಲ್ಲ. ಇನ್ನೊಮ್ಮೆ ನೋಡಿದೆ.

ಅಷ್ಟರಲ್ಲಿ ಚಾಚಾ ಬಂದರು. ಫೋನುಗಳು ಬುಟ್ಟಿಗೆ ಹೋದವು. ಮುಚ್ಚಳವನ್ನು ಅತ್ತೆ ಮುಚ್ಚಿದರು. ಟಿವಿಯಲ್ಲಿ ಇಬ್ಬರು ಬಿಳಿ ಬಟ್ಟೆಯವರು ಹಸಿರಿನ ಮೇಲೆ ಮೈ ಸಡಿಲಿಸಿಕೊಳ್ಳುತ್ತಿದ್ದರು. “ಇಷ್ಟ ಹುಲ್ಲ ಸುಮ್ನ ತುಳದು ಹಾಳ ಮಾಡತಾರಲ್ಲ, ಎಮ್ಮಿ ಆದ್ರೂ ಬಿಡಬಾರದ,” ಎಂದರು ಮಾವ. ಎಲ್ಲರೂ ನಕ್ಕೆವು. ಅತ್ತೆ ಮುಖ ನೋಡಿ ಒಬ್ಬನನ್ನು ಹೇಳಿದರು. ಚಾಚಾ ಇಬ್ಬರ ಅಂಗಿಯೂ ಒಂದೇ ಬಣ್ಣ, ಇದು ಮೋಸ ಎಂದು ಗೊಣಗಿ ಇನ್ನೊಬ್ಬನನ್ನು ಹೇಳಿದರು. ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಕೋಷ್ಟಕ ತಂದಿರಲಿಲ್ಲ, ಹಿಂದಿನ ದಿನದಿಂದಲೂ ಸುದ್ದಿ ನೋಡಿರಲಿಲ್ಲ. ಬಸ್ಸಿನಲ್ಲಿ ಫೋನು ಬಂದ್ ಮಾಡಿ ಚೀಲದ ತಳದಲ್ಲಿ ಇಟ್ಟಿದ್ದೆ. ಈಗ ನನ್ನ ಸರದಿ, ಹೇಳಲು ಬಾಯಿ ತೆರೆದೆ.

“ನಂದು ಈ ಗಿಡ್ಡಾಂವ,” ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, ಎಂದಿನ ದನಿಯಲ್ಲೇ, “ಒಳಗ ಕೊಡದಾಗಿಂದ ಒಂದು ತಂಬಿಗಿ ನೀರು ತಗೊಂಡ ಬಾರವಾ,” ಎಂದರು.

ನಾನು ಎದ್ದು ಹೋಗಿ ತಂದೆ. ತಂಬಿಗೆ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಆಟ ಶುರುವಾಗಿತ್ತು.